ಯುದ್ಧ ನಿಂತ ಮೇಲಿನ ಕೆಲಸ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಂಗೋದ ಉತ್ತರ ಕಿವು ಪ್ರಾಂತ್ಯದಲ್ಲಿ ಒಂದು ವರ್ಷ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೀಲಿ ಟೋಪಿ ಹಾಕಿ ಬಂದವನು. ಈಗ ಚೆಟ್ಟಳ್ಳಿ ಕಡೆ ನಾಲ್ಕು ಎಕರೆ ಕಾಫಿ ನೋಡಿಕೊಂಡಿದ್ದೇನೆ. ಮಿಲಿಟರಿ ಕ್ಯಾಂಟೀನ್ ಕ್ಯೂನಲ್ಲಿ, ಕೈಲ್ ಮುಹೂರ್ತ ಹಬ್ಬದ ಊಟದಲ್ಲಿ, ಕಾಲೇಜುಗಳಿಗೆ ಮಾತಾಡಲು ಹೋದಾಗ, ಅಪರೂಪಕ್ಕೆ ಪತ್ರದಲ್ಲಿ, ಎಲ್ಲ ಕಡೆ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಒಮ್ಮೆ ಕೂತು ಬರೆದುಬಿಡೋಣ ಅನಿಸಿತು. ಕೇಳಿದವರ ಮಾತನ್ನು ನಾನು ತಿದ್ದಿಲ್ಲ. ಎಲ್ಲ ಓದಬೇಕಾಗಿಲ್ಲ, ನಿಮಗೆ ಬೇಕಾದ್ದು ನೋಡಿ.

## ಮೊದಲಿಗೆ

"ಜಗಳ ಅವರವರದ್ದು. ಹೊರಗಿನವರು ಯಾಕೆ ಮೂಗು ತೂರಿಸಬೇಕು?"

ಹೊರಗಿನವರ ಮೂಗು ಮೊದಲೇ ಅಲ್ಲಿರುತ್ತದೆ. ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಅಲ್ಲಿನ ಬಂಡುಕೋರರು ವಜ್ರ ಅಗೆದು ಮಾರಿ ಬಂದೂಕು ಕೊಂಡರು. ಆ ವಜ್ರ ಹಾಕಿಕೊಂಡವರು ಬೇರೆ ದೇಶದವರು, ಬಂದೂಕು ಮಾಡಿದವರೂ ಬೇರೆ ದೇಶದವರು.

ಇನ್ನೊಂದು, ಬೆಂಕಿ ಬೇಲಿ ನೋಡಿ ನಿಲ್ಲುವುದಿಲ್ಲ. 1994ರಲ್ಲಿ ರುವಾಂಡಾದಲ್ಲಿ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು. ಕೊಂದವರಲ್ಲಿ ಬಹಳ ಮಂದಿ ಗಡಿ ದಾಟಿ ಕಾಂಗೋಗೆ ಓಡಿದರು. ಅವರ ಹಿಂದೆಯೇ ರುವಾಂಡಾದ ಸೈನ್ಯ ಹೋಯಿತು. ಕಾಂಗೋ ಹೊತ್ತಿಕೊಂಡಿತು. ನಾನು ಹೋಗುವ ಹೊತ್ತಿಗೆ ಹತ್ತು ವರ್ಷ ದಾಟಿತ್ತು, ಆರಿರಲಿಲ್ಲ. 2025ರ ಜನವರಿಯಲ್ಲಿ ಗೋಮಾ ನಗರ ಮತ್ತೆ ಬಂಡುಕೋರರ ಕೈಗೆ ಹೋದ ಸುದ್ದಿ ನೋಡಿದಾಗ, ನಾನು ಕಾವಲು ನಿಂತಿದ್ದ ರಸ್ತೆ ಟಿವಿಯಲ್ಲಿ ಕಾಣುತ್ತದಾ ಅಂತ ಹುಡುಕುತ್ತಿದ್ದೆ.

"ಸಹಾಯ ಅಂದ್ರೆ ಅಕ್ಕಿ, ಕಂಬಳಿ, ಔಷಧಿ. ಅಷ್ಟೇ ಅಲ್ವಾ?"

ಅದು ಮೊದಲ ಹದಿನೈದು ದಿನದ ಸಹಾಯ. 2018ರ ಆಗಸ್ಟ್ ನೆನಪಿದೆಯಲ್ಲ? ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಲಾರಿಗಟ್ಟಲೆ ಅಕ್ಕಿ, ಚಾಪೆ ಬಂತು. ನಮ್ಮ ನೆಂಟರೊಬ್ಬರಿಗೆ ಹನ್ನೊಂದು ಬೆಡ್‌ಶೀಟ್ ಸಿಕ್ಕಿತ್ತು. ಆದರೆ ಕೊಚ್ಚಿಹೋದ ತೋಟದ ಗಡಿ ಎಲ್ಲಿತ್ತು ಅಂತ ಅಳತೆ ಮಾಡಿಸಲು ಅವರು ಒಂದು ಕಚೇರಿಯ ಮೆಟ್ಟಿಲು ಹತ್ತಿಳಿದದ್ದಕ್ಕೆ ಲೆಕ್ಕವಿಲ್ಲ. ಬೆಡ್‌ಶೀಟ್ ಕೊಡುವವರು ಸಾವಿರ ಜನ ಸಿಗುತ್ತಾರೆ, ಸರ್ವೇ ಚೈನು ಹಿಡಿದು ಬರುವವನು ಸಿಗುವುದಿಲ್ಲ.

ಯುದ್ಧ ಮುಗಿದ ದೇಶದಲ್ಲೂ ಇದೇ ಕಥೆ, ನೂರು ಪಟ್ಟು ದೊಡ್ಡದು. ಪೊಲೀಸರಿಗೆ ತಿಂಗಳ ಸಂಬಳ ಆಗಬೇಕು. ಸುಟ್ಟುಹೋದ ಜಮೀನಿನ ದಾಖಲೆ ಮತ್ತೆ ಬರೆಯಬೇಕು. ಮೇಷ್ಟ್ರು ಶಾಲೆಗೆ ವಾಪಸ್ ಬರಬೇಕು. ಬಂದೂಕು ಬಿಟ್ಟ ಹುಡುಗನಿಗೆ ಕೆಲಸ ಬೇಕು. ಇವಕ್ಕೆಲ್ಲ ಟಿವಿ ಕ್ಯಾಮೆರಾ ಬರುವುದಿಲ್ಲ, ಹಾಗಾಗಿ ದುಡ್ಡೂ ಬೇಗ ಬರುವುದಿಲ್ಲ. ಈ ಸಂದಿ ತುಂಬಲೆಂದೇ ವಿಶ್ವಸಂಸ್ಥೆ 2005ರ ಡಿಸೆಂಬರ್‌ನಲ್ಲಿ ಶಾಂತಿ ಕಟ್ಟುವ ಆಯೋಗ ಮಾಡಿತು. ಅದರ ಪಟ್ಟಿಗೆ ಮೊದಲು ಬಂದ ದೇಶಗಳು ಬುರುಂಡಿ ಮತ್ತು ಸಿಯೆರಾ ಲಿಯೋನ್.

"ಇಷ್ಟಕ್ಕೆಲ್ಲ ದುಡ್ಡು ಯಾರ ಜೇಬಿಂದ?"

ಬೇರೆ ಬೇರೆ ಹುಂಡಿಗಳಿವೆ. ಶಾಂತಿಪಾಲನಾ ಪಡೆಯ ಖರ್ಚನ್ನು ವಿಶ್ವಸಂಸ್ಥೆಯ ಸದಸ್ಯ ದೇಶಗಳೆಲ್ಲ ಹಂಚಿಕೊಳ್ಳಲೇಬೇಕು. ಅದು ವರ್ಷಕ್ಕೆ 5 ಬಿಲಿಯನ್ ಡಾಲರ್ ಆಸುಪಾಸು, ದೊಡ್ಡ ಪಾಲು ಅಮೆರಿಕ ಮತ್ತು ಚೀನಾದ್ದು. ನಿರಾಶ್ರಿತರ ಊಟ, ಶಾಲೆ, ಆಸ್ಪತ್ರೆಗೆ ಬರುವುದು ದೇಶಗಳು ಇಷ್ಟಪಟ್ಟು ಕೊಟ್ಟ ದುಡ್ಡು. ಇಷ್ಟ ಇಲ್ಲದಿದ್ದರೆ ನಿಲ್ಲುತ್ತದೆ. 2025ರ ಜುಲೈಯಲ್ಲಿ ಅಮೆರಿಕ ವಿದೇಶಗಳಿಗೆ ನೆರವು ಕೊಡುತ್ತಿದ್ದ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು.

ಇನ್ನು ಸಾಲ. ವಿಶ್ವ ಬ್ಯಾಂಕಿನ ಹುಟ್ಟು ಹೆಸರಿನಲ್ಲೇ 'ಪುನರ್ನಿರ್ಮಾಣ' ಅಂತ ಇದೆ. 1947ರಲ್ಲಿ ಅದು ಕೊಟ್ಟ ಮೊದಲ ಸಾಲ ಯುದ್ಧದಲ್ಲಿ ಜರ್ಜರಿತವಾಗಿದ್ದ ಫ್ರಾನ್ಸ್‌ಗೆ. ಆದರೆ ಬಡ ದೇಶಕ್ಕೆ ಇಲ್ಲೊಂದು ಗಂಟಿದೆ. ಯುದ್ಧದ ವರ್ಷಗಳಲ್ಲಿ ಕಂತು ಕಟ್ಟಿರುವುದಿಲ್ಲ, ಬಡ್ಡಿ ಬೆಳೆದಿರುತ್ತದೆ. ಹಳೆ ಬಾಕಿ ತೀರದೆ ಹೊಸ ಸಾಲ ಹುಟ್ಟುವುದಿಲ್ಲ. ಸೊಸೈಟಿ ಸಾಲ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೈಬೀರಿಯಾಗೆ ಈ ಗಂಟು ಬಿಚ್ಚಿದ್ದು ಯುದ್ಧ ಮುಗಿದ ಏಳು ವರ್ಷದ ಮೇಲೆ, 2010ರಲ್ಲಿ. ಆಗ 4.6 ಬಿಲಿಯನ್ ಡಾಲರ್ ಸಾಲ ಮನ್ನಾ ಆಯಿತು.

"ಮಾವ, ನಿಮಗೆಲ್ಲ ಡಾಲರ್‌ನಲ್ಲಿ ಸಂಬಳವಂತೆ, ಹೌದಾ?"

ನನ್ನ ಮನೆ ನೋಡಿದರೆ ಗೊತ್ತಾಗಬೇಕಿತ್ತು! ಒಬ್ಬ ಸೈನಿಕನಿಗೆ ತಿಂಗಳಿಗೆ 1,400 ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಲೆಕ್ಕದಲ್ಲಿ ವಿಶ್ವಸಂಸ್ಥೆ ದುಡ್ಡು ಕೊಡುವುದು ಸರ್ಕಾರಕ್ಕೆ. ಸೈನಿಕನಿಗೆ ಅವನ ದೇಶದ ಸಂಬಳ, ಮೇಲೆ ವಿದೇಶಿ ಭತ್ಯೆ. ವಿಶ್ವಸಂಸ್ಥೆಯಿಂದ ನೇರ ಕೈಗೆ ಬರುವುದು ದಿನಕ್ಕೆ 1.28 ಡಾಲರ್ ಕೈಖರ್ಚು. ಸೋಪು, ಶೇವಿಂಗ್ ಬ್ಲೇಡಿಗೆ ಸರಿಹೋಗುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಶಾಂತಿಪಾಲನೆಯಲ್ಲಿ ಸತ್ತ ಭಾರತೀಯರು ಸುಮಾರು 180 ಮಂದಿ. ಬೇರೆ ಯಾವ ದೇಶವೂ ಇಷ್ಟು ಜನರನ್ನು ಕಳೆದುಕೊಂಡಿಲ್ಲ. 2000ದಲ್ಲಿ ಸಿಯೆರಾ ಲಿಯೋನ್‌ನ ಕೈಲಾಹುನ್‌ನಲ್ಲಿ ನಮ್ಮ 200ಕ್ಕೂ ಹೆಚ್ಚು ಸೈನಿಕರನ್ನು ಬಂಡುಕೋರರು ಎರಡು ತಿಂಗಳ ಮೇಲೆ ಸುತ್ತುಗಟ್ಟಿ ಕೂರಿಸಿದ್ದರು. ಜುಲೈ ಮಳೆಯಲ್ಲಿ 'ಆಪರೇಷನ್ ಖುಕ್ರಿ' ನಡೆಸಿ ಅವರನ್ನು ಹೊರತಂದರು.

"ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ತೀರಿಕೊಂಡ್ರು ಅಂತ ಗೊತ್ತು. ಅಲ್ಲಿ ಅವರಿಗೆ ಏನು ಕೆಲಸ?"

ಮಡಿಕೇರಿಯ 'ಸನ್ನಿಸೈಡ್' ಮನೆ ಈಗ ಮ್ಯೂಸಿಯಂ. ಹೋದವರೆಲ್ಲ ಹೊರಗೆ ನಿಂತಿರುವ ಟ್ಯಾಂಕಿನ ಜೊತೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ನನಗೆ ಅವರ ದೊಡ್ಡಸ್ತಿಕೆ ಕಾಣುವುದು ಯುದ್ಧ ನಿಲ್ಲಿಸಿದ ಕೆಲಸದಲ್ಲಿ.

ಒಮ್ಮೆ ಕೊರಿಯಾ. 1953ರಲ್ಲಿ ಕದನ ನಿಂತಾಗ 22,000ಕ್ಕೂ ಹೆಚ್ಚು ಯುದ್ಧ ಕೈದಿಗಳು 'ನಾವು ನಮ್ಮ ದೇಶಕ್ಕೆ ವಾಪಸ್ ಹೋಗಲ್ಲ' ಅಂತ ಕೂತಿದ್ದರು. ಬಲವಂತ ಇಲ್ಲದೆ ಅವರ ಇಷ್ಟ ತಿಳಿಯುವ ಐದು ದೇಶಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಎರಡೂ ಕಡೆಯವರ ಬೈಗುಳ ತಿನ್ನುವ ಕೆಲಸ ಅದು.

ಆಮೇಲೆ ಸೈಪ್ರಸ್. ಆ ದ್ವೀಪದಲ್ಲಿ ಗ್ರೀಕ್ ಮಾತಾಡುವವರಿಗೂ ಟರ್ಕಿಶ್ ಮಾತಾಡುವವರಿಗೂ ಹೊಡೆದಾಟ ಶುರುವಾಗಿ, 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಪಡೆ ಹೋಯಿತು. ಕೆಲವೇ ತಿಂಗಳಲ್ಲಿ ಅದರ ಕಮಾಂಡರ್ ಆಗಿ ತಿಮ್ಮಯ್ಯ ಹೋದರು. 1965ರ ಡಿಸೆಂಬರ್ 18ರಂದು ಕೆಲಸದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು.

## ಕೋವಿ, ಜಮೀನು, ಕೋರ್ಟು

"ನಮ್ಮಲ್ಲಿ ಮನೆಮನೆಗೆ ಕೋವಿ ಇದೆ, ಪೂಜೆನೂ ಮಾಡ್ತೀವಿ. ಕೋವಿ ಕಿತ್ಕೊಂಡ್ರೆ ಶಾಂತಿ ಬರುತ್ತೆ ಅನ್ನೋದು ಸುಳ್ಳಲ್ವಾ?"

ಅರ್ಧ ಸುಳ್ಳು, ಒಪ್ಪುತ್ತೇನೆ. ಕೋವಿ ಗೋಡೆ ಮೇಲಿದ್ದರೆ ಅದು ಕೋವಿ. ಅದನ್ನು ಹಿಡಿದವನಿಗೆ ಒಬ್ಬ ಕಮಾಂಡರ್ ಇದ್ದು, 'ಇವತ್ತು ಆ ಊರು' ಅಂತ ಹೇಳುವಂತಿದ್ದರೆ ಅದು ಬೇರೆಯೇ ವಸ್ತು. ಹಾಗಾಗಿ ಈ ಕೆಲಸದಲ್ಲಿ ಮೂರು ಹಂತ: ಆಯುಧ ಕೆಳಗಿಡಿಸುವುದು, ಗುಂಪು ಒಡೆದು ಕಮಾಂಡರ್‌ನಿಂದ ಹುಡುಗರನ್ನು ಬಿಡಿಸುವುದು, ಅವರನ್ನು ಊರಿಗೆ ಸೇರಿಸುವುದು. ಮೊದಲನೆಯದು ಫೋಟೋಕ್ಕೆ ಚೆನ್ನಾಗಿರುತ್ತದೆ. ಕಷ್ಟ ಇರುವುದು ಮೂರನೆಯದರಲ್ಲಿ.

ನೇಪಾಳದ ಉದಾಹರಣೆ ನನಗೆ ಇಷ್ಟ. 2006ರ ನವೆಂಬರ್‌ನಲ್ಲಿ ಒಪ್ಪಂದ ಆದಾಗ ಮಾವೋವಾದಿಗಳು ಬಂದೂಕು ಒಪ್ಪಿಸಲು ಒಪ್ಪಲಿಲ್ಲ. ಒಪ್ಪಿಸಿದರೆ ಸೋತಂತೆ. ಅದಕ್ಕೊಂದು ಉಪಾಯ ಹುಡುಕಿದರು. ಬಂದೂಕುಗಳನ್ನು ನಂಬರ್ ಹಾಕಿ ಕಬ್ಬಿಣದ ಕಂಟೇನರ್ ಒಳಗೆ ಇಟ್ಟು ಬೀಗ ಹಾಕಿದರು. ಬೀಗದ ಕೈ ಮಾವೋವಾದಿಗಳ ಹತ್ತಿರವೇ! ಆದರೆ ಬಾಗಿಲು ಅಲುಗಿದರೆ ಸೈರನ್ ಕೂಗುತ್ತದೆ, ಕ್ಯಾಮೆರಾ ನೋಡುತ್ತಿರುತ್ತದೆ, ವಿಶ್ವಸಂಸ್ಥೆಯವರು ಪಕ್ಕದಲ್ಲೇ ಕೂತಿರುತ್ತಾರೆ. ಸರ್ಕಾರದ ಸೈನ್ಯವೂ ಅಷ್ಟೇ ಸಂಖ್ಯೆಯ ಆಯುಧ ಹಾಗೇ ಬೀಗದೊಳಗೆ ಇಡಬೇಕಾಯಿತು. ಮಾನ ಉಳಿಯಿತು, ಗುಂಡು ಹಾರಲಿಲ್ಲ.

ಮೂರನೇ ಹಂತದಲ್ಲಿ ನೇಪಾಳವೂ ಎಡವಿತು. ಪರಿಶೀಲನೆಯಲ್ಲಿ 19,602 ಮಂದಿ ಹೋರಾಟಗಾರರು ಅಂತ ಲೆಕ್ಕ ಸಿಕ್ಕಿತು. ಅವರು ಐದು ವರ್ಷ ಕ್ಯಾಂಪಿನಲ್ಲೇ ಕೊಳೆತರು. ಕೊನೆಗೆ ಸೈನ್ಯ ಸೇರಿದ್ದು ಸುಮಾರು 1,400 ಮಂದಿ. ಉಳಿದವರಲ್ಲಿ ಹೆಚ್ಚಿನವರು ದುಡ್ಡು ತೆಗೆದುಕೊಂಡು ಮನೆಗೆ ಹೋದರು. ಮೊದಲೇ ಪಟ್ಟಿಯಿಂದ ಕೈಬಿಟ್ಟವರಲ್ಲಿ ಹತ್ತಿರ ಹತ್ತಿರ 3,000 ಮಂದಿ ಇನ್ನೂ ವಯಸ್ಸಿಗೆ ಬರದ ಮಕ್ಕಳು. ಅವರ ಕಡೆ ತಿರುಗಿ ನೋಡಿದವರು ಕಡಿಮೆ.

"ಕೊಂದವರನ್ನ ಹಾಗೇ ಬಿಟ್ಬಿಡೋದಾ?"

ಎಲ್ಲರನ್ನೂ ಬಿಡುವುದೂ ಆಗದು, ಎಲ್ಲರನ್ನೂ ಹಿಡಿಯುವುದೂ ಆಗದು. ರುವಾಂಡಾಕ್ಕಾಗಿ ವಿಶ್ವಸಂಸ್ಥೆ ಟಾಂಜಾನಿಯಾದ ಅರುಷಾದಲ್ಲಿ ಅಂತರರಾಷ್ಟ್ರೀಯ ಕೋರ್ಟು ಮಾಡಿತು. ಇಪ್ಪತ್ತು ವರ್ಷದಲ್ಲಿ ಅದು ಆರೋಪ ಹೊರಿಸಿದ್ದು 93 ಮಂದಿ ಮೇಲೆ. ಅವರು ದೊಡ್ಡ ತಲೆಗಳು, ಸರಿ. ಆದರೆ ಮಚ್ಚು ಹಿಡಿದಿದ್ದ ಪಕ್ಕದ ಮನೆಯವನು? ಜೈಲುಗಳು ತುಂಬಿ ತುಳುಕುತ್ತಿದ್ದವು. ಅವರಿಗಾಗಿ ರುವಾಂಡಾ ತನ್ನ ಹಳೇ ಪದ್ಧತಿಯ 'ಗಚಾಚ' ಪಂಚಾಯ್ತಿಯನ್ನು ಮತ್ತೆ ತಂದಿತು. ಊರವರು ಹುಲ್ಲಿನ ಮೇಲೆ ಕೂತು ಕೇಳುವುದು, ಊರವರೇ ಆರಿಸಿದವರು ತೀರ್ಪು ಕೊಡುವುದು. 2012ರಲ್ಲಿ ಮುಚ್ಚುವ ಹೊತ್ತಿಗೆ ಅವು 20 ಲಕ್ಷದ ಹತ್ತಿರ ಪ್ರಕರಣ ಮುಗಿಸಿದ್ದವು.

ವಕೀಲರಿಲ್ಲ, ಹಳೇ ದ್ವೇಷಕ್ಕೆ ಸುಳ್ಳು ಸಾಕ್ಷಿ ಹೇಳಿದವರಿದ್ದರು, ಗೆದ್ದ ಸೈನ್ಯದ ತಪ್ಪನ್ನು ಅಲ್ಲಿ ಎತ್ತುವಂತಿರಲಿಲ್ಲ. ಇದೆಲ್ಲ ನಿಜ. ಆದರೆ 'ನನ್ನ ಮಗನ ಹೆಣ ಎಲ್ಲಿ ಹಾಕಿದೆ?' ಅಂತ ಒಬ್ಬ ತಾಯಿ ಕೇಳಿ ಉತ್ತರ ಪಡೆದದ್ದು ಆ ಹುಲ್ಲಿನ ಮೇಲೆಯೇ.

"ಓಡಿಹೋದವರು ವಾಪಸ್ ಬರ್ತಾರೆ, ಮನೆಯಲ್ಲಿ ಬೇರೆ ಯಾರೋ ಕೂತಿರ್ತಾರೆ. ಆಗ?"

ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಆರ್‌ಟಿಸಿಯಲ್ಲಿ ಯಾರ ಹೆಸರು ಅಂತ ತಲೆಮಾರುಗಟ್ಟಲೆ ಹೊಡೆದಾಡುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಒಳ್ಳೆ ಉದಾಹರಣೆ ಬೋಸ್ನಿಯಾ. 1995ರಲ್ಲಿ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದ ಆದಾಗ ಲಕ್ಷಾಂತರ ಮನೆಗಳಲ್ಲಿ ಬೇರೆಯವರು ಇದ್ದರು. ಅವರೂ ಇನ್ನೆಲ್ಲಿಂದಲೋ ಓಡಿಸಿಕೊಂಡು ಬಂದವರೇ. ಮೊದಲ ವರ್ಷಗಳಲ್ಲಿ ಏನೂ ಆಗಲಿಲ್ಲ. ಆಮೇಲೆ ಅಲ್ಲಿದ್ದ ಅಂತರರಾಷ್ಟ್ರೀಯ ಅಧಿಕಾರಿಗಳು ಪಟ್ಟು ಹಿಡಿದರು: ಅರ್ಜಿ ಬಂದ ಸರದಿಯಲ್ಲೇ ಇತ್ಯರ್ಥ, ತಡೆದ ಸ್ಥಳೀಯ ಅಧಿಕಾರಿಗೆ ಮನೆ ದಾರಿ. 2004ರ ಹೊತ್ತಿಗೆ ಸುಮಾರು 2 ಲಕ್ಷ ಮನೆಗಳು ಹಳೇ ಯಜಮಾನರಿಗೆ ಸಿಕ್ಕಿದವು. ಎಷ್ಟೋ ಜನ ಕೀಲಿ ಕೈಗೆ ಬಂದ ಮೇಲೆ ಮನೆ ಮಾರಿ ಹೊರಟರು. ಹಕ್ಕು ಸಿಕ್ಕಿತು, ನೆರೆಹೊರೆ ಸಿಗಲಿಲ್ಲ.

ಕಾಂಬೋಡಿಯಾದಲ್ಲಿ ಇನ್ನೊಂದು ಥರ. 1992–93ರಲ್ಲಿ ಥಾಯ್ಲೆಂಡ್ ಗಡಿಯಿಂದ 3.6 ಲಕ್ಷ ಜನ ವಾಪಸ್ ಬಂದರು. ಪ್ರತಿ ಕುಟುಂಬಕ್ಕೆ ಜಮೀನು ಅಂತ ಮಾತು ಕೊಟ್ಟಿದ್ದರು. ಹುಡುಕಿದರೆ ಖಾಲಿ ಜಮೀನಿನಲ್ಲೆಲ್ಲ ನೆಲಬಾಂಬು. ಕೊನೆಗೆ ದೊಡ್ಡವರಿಗೆ 50 ಡಾಲರ್, ಮಕ್ಕಳಿಗೆ 25 ಡಾಲರ್ ಕೊಟ್ಟರು. ಹೆಚ್ಚಿನವರು ಅದನ್ನೇ ತೆಗೆದುಕೊಂಡು ನೆಂಟರಿದ್ದ ಊರಿಗೆ ಹೋದರು.

"ನೆಲಬಾಂಬ್ ಇರೋ ತೋಟದಲ್ಲಿ ಕಳೆ ಹೊಡೆಯೋದು ಹೇಗೆ?"

ಹೊಡೆಯುವುದಿಲ್ಲ. ಅದೇ ಸಮಸ್ಯೆ. ಹಗ್ಗ ಕಟ್ಟಿ, ಒಂದೊಂದೇ ಅಡಿ ಲೋಹಶೋಧಕ ಹಿಡಿದು, ಮಂಡಿಯೂರಿ ಕೆದಕಬೇಕು. ತುಕ್ಕು ಹಿಡಿದ ಮೊಳೆಗೂ ಯಂತ್ರ ಕೂಗುತ್ತದೆ. ಮೊಜಾಂಬಿಕ್‌ನಲ್ಲಿ ಹೆಗ್ಗಣದಂಥ ದೊಡ್ಡ ಇಲಿಗಳಿಗೆ ಸ್ಫೋಟಕದ ವಾಸನೆ ಕಲಿಸಿ ಬಿಟ್ಟರು. ಮದ್ದಿನ ವಾಸನೆ ಬಂದರೆ ಮಾತ್ರ ಇಲಿ ಕೆರೆಯುತ್ತದೆ, ಮೊಳೆ ಕಂಡರೆ ಕ್ಯಾರೇ ಅನ್ನುವುದಿಲ್ಲ. ತೂಕ ಕಡಿಮೆ, ಹಾಗಾಗಿ ಬಾಂಬು ಸಿಡಿಯುವುದೂ ಇಲ್ಲ. ಯುದ್ಧ ನಿಂತದ್ದು 1992ರಲ್ಲಿ, ಆ ದೇಶ ನೆಲಬಾಂಬು ಮುಕ್ತ ಅಂತ ಘೋಷಣೆ ಆದದ್ದು 2015ರಲ್ಲಿ. ನೆಟ್ಟವನು ಒಂದು ನಿಮಿಷದಲ್ಲಿ ನೆಟ್ಟಿದ್ದ.

"ಚುನಾವಣೆ ಮಾಡಿಬಿಟ್ರೆ ಮುಗೀತಲ್ವಾ?"

ಅಂಗೋಲಾದಲ್ಲಿ 1992ರಲ್ಲಿ ಮಾಡಿದರು. ಎರಡೂ ಸೈನ್ಯಗಳು ಇನ್ನೂ ಹಾಗೇ ಇದ್ದವು. ಸೋತ ಬಂಡುಕೋರ ನಾಯಕ ಸಾವಿಂಬಿ ಕಾಡಿಗೆ ಹೋದ, ಯುದ್ಧ 2002ರವರೆಗೆ ನಡೆಯಿತು. ಮೊಜಾಂಬಿಕ್ ಇದನ್ನು ನೋಡಿ ಪಾಠ ಕಲಿತು, ಮೊದಲು ಸೈನ್ಯಗಳನ್ನು ಒಡೆದು 1994ರಲ್ಲಿ ಮತದಾನ ಮಾಡಿತು. ಬಂಡುಕೋರರ ಗುಂಪು ರಾಜಕೀಯ ಪಕ್ಷವಾಗಲು ವಿದೇಶಗಳೇ ದುಡ್ಡು ಕೊಟ್ಟವು. 'ಲಂಚ' ಅಂದವರೂ ಇದ್ದರು. ಗುಂಡಿಗಿಂತ ಅಗ್ಗ ಅಂತ ನನ್ನ ಲೆಕ್ಕ.

## ಕಾಫಿಯ ವಿಷಯ

"ಕಾಫಿ ಗಿಡದಿಂದ ಶಾಂತಿ ಬರುತ್ತೆ ಅಂತ ಭಾಷಣದಲ್ಲಿ ಹೇಳಿದ್ರಲ್ಲ, ಸುಮ್ನೆ ಹೇಳಿದ್ದಾ?"

ಗಿಡದಿಂದ ಅಂತ ಹೇಳಿರಲಿಲ್ಲ, ಪಲ್ಪರ್‌ನಿಂದ, ಅಂದರೆ ಕಾಫಿ ಹಣ್ಣು ಸುಲಿಯುವ ಯಂತ್ರದಿಂದ ಅಂದಿದ್ದೆ.

ರುವಾಂಡಾದಲ್ಲಿ ಕಾಫಿ ಮೊದಲಿಂದಲೂ ಇತ್ತು, ಎಲ್ಲ ಸಣ್ಣ ಬೆಳೆಗಾರರು, ಒಬ್ಬೊಬ್ಬರಿಗೆ ಕೆಲವು ನೂರು ಗಿಡ. ಹಣ್ಣನ್ನು ಮನೆಯಲ್ಲೇ ಹೇಗೋ ಸುಲಿದು, ಹೇಗೋ ತೊಳೆದು, ನೆಲದ ಮೇಲೆ ಒಣಗಿಸಿ ಮಾರುತ್ತಿದ್ದರು. ಒಂದೇ ಕಣದಲ್ಲಿ ಹುಳಿ ಬಂದದ್ದು, ಬೂಸಲು ಹಿಡಿದದ್ದು, ಚೆನ್ನಾಗಿರುವುದು ಎಲ್ಲ ಸೇರಿದರೆ ಏನು ರೇಟು ಸಿಗುತ್ತದೆ ಅಂತ ನಿಮಗೆ ಗೊತ್ತು. ಯಾವ ದೇಶ ಎಷ್ಟು ಕಾಫಿ ಮಾರಬೇಕು ಅನ್ನುವ ಅಂತರರಾಷ್ಟ್ರೀಯ ಕೋಟಾ 1989ರಲ್ಲಿ ಮುರಿದುಬಿದ್ದು ಬೆಲೆ ನೆಲ ಕಚ್ಚಿತು. ಆ ಹೊಡೆತ ತಿಂದ ದೇಶದ ಮೇಲೆಯೇ ಯುದ್ಧ ಬಂತು, ನರಮೇಧ ಬಂತು.

2000ದ ನಂತರ ಅಮೆರಿಕದ ನೆರವಿನಲ್ಲಿ, ಅಲ್ಲಿನ ಎರಡು ವಿಶ್ವವಿದ್ಯಾಲಯಗಳು ರುವಾಂಡಾದವರ ಜೊತೆ ಸೇರಿ ಒಂದು ಕೆಲಸ ಹಿಡಿದವು. ದಾನದ ಮೂಟೆ ಹಂಚಲಿಲ್ಲ. ಊರ ಹೊರಗೆ, ನೀರಿರುವ ಕಡೆ, ಹಣ್ಣು ತೊಳೆಯುವ ಘಟಕ ಕಟ್ಟಿಸಿದರು. ಕಿತ್ತ ದಿನವೇ ಹಣ್ಣು ತಂದು ತೂಗಿಸಬೇಕು, ಮಾಗಿದ್ದು ಮಾತ್ರ. ರುಚಿ ನೋಡಿ ದರ್ಜೆ ಹೇಳುವುದನ್ನು ಸ್ಥಳೀಯ ಹುಡುಗ ಹುಡುಗಿಯರಿಗೆ ಕಲಿಸಿದರು. ಹತ್ತು ವರ್ಷದಲ್ಲಿ ಬೆರಳೆಣಿಕೆಯಷ್ಟಿದ್ದ ಘಟಕಗಳು 200ರ ಹತ್ತಿರ ಬಂದವು. 2008ರಲ್ಲಿ ಒಳ್ಳೆ ಕಾಫಿ ಆರಿಸುವ 'ಕಪ್ ಆಫ್ ಎಕ್ಸಲೆನ್ಸ್' ಸ್ಪರ್ಧೆ ಆಫ್ರಿಕಾಕ್ಕೆ ಬಂದದ್ದೇ ಮೊದಲು, ಅದೂ ರುವಾಂಡಾಕ್ಕೆ.

ಮರಾಬ ಅನ್ನುವ ಕಡೆಯ ಸಹಕಾರ ಸಂಘದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರಿದ್ದರು. ಕೊಂದ ಆರೋಪದಲ್ಲಿ ಗಂಡ ಜೈಲಲ್ಲಿದ್ದ ಹೆಂಗಸರೂ ಇದ್ದರು. ಇಬ್ಬರೂ ಒಂದೇ ಮೇಜಿನ ಎದುರು ಕಾಫಿ ಬೇಳೆ ಆರಿಸುತ್ತಿದ್ದರು. ಮನಸ್ಸಿನಲ್ಲಿ ಏನಿತ್ತೋ. ಕೈ ಮಾತ್ರ ಒಂದೇ ರಾಶಿಯಲ್ಲಿ. ಒಬ್ಬಳು ಕೆಟ್ಟ ಬೇಳೆ ಬಿಟ್ಟರೆ ಇಬ್ಬರ ರೇಟೂ ಹೋಗುತ್ತದೆ. ಅಲ್ಲಿ ಒಂದು ತಿಗಣೆ ಜಾತಿಯ ಹುಳದ ಕಾಟವೂ ಇದೆ. ಅದು ಕಚ್ಚಿದ ಒಂದೇ ಒಂದು ಬೇಳೆ ಲೋಟಕ್ಕೆ ಬಿದ್ದರೆ ಇಡೀ ಕಾಫಿಗೆ ಹಸಿ ಆಲೂಗಡ್ಡೆ ಸಿಪ್ಪೆಯ ವಾಸನೆ. ನಾನು ಗೋಮಾದಲ್ಲಿ ಕುಡಿದಿದ್ದೇನೆ. ಎರಡು ದಿನ ಬರೀ ಚಹಾ.

ಆದರೆ ಇದನ್ನು ಚಂದದ ಕಥೆ ಮಾಡಿ ಮುಗಿಸುವಂತಿಲ್ಲ. ರುವಾಂಡಾ, ಕಾಂಗೋ ನಡುವಿನ ಕಿವು ಸರೋವರದ ಕಾಂಗೋ ದಡದಲ್ಲಿ ಆಗ ತೊಳೆಯುವ ಘಟಕವೂ ಇರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಬೆಳೆಗಾರರು ರಾತ್ರಿ ಸಣ್ಣ ದೋಣಿಯಲ್ಲಿ ಕಾಫಿ ಹೇರಿಕೊಂಡು ರುವಾಂಡಾ ಕಡೆಗೆ ಹುಟ್ಟು ಹಾಕುತ್ತಿದ್ದರು. ಗಾಳಿ ಎದ್ದರೆ ದೋಣಿ ವಾಪಸ್ ಬರುತ್ತಿರಲಿಲ್ಲ. ಇತ್ತ ಕಾಂಗೋದ ಬಂಡುಕೋರರ ಬೆನ್ನಿಗೆ ರುವಾಂಡಾ ಇದೆ ಅಂತ ವಿಶ್ವಸಂಸ್ಥೆಯ ತಜ್ಞರೇ ವರದಿ ಮೇಲೆ ವರದಿ ಬರೆದಿದ್ದಾರೆ. ಒಳಗೆ ಶಾಂತಿ ಕಟ್ಟಿದ ದೇಶ ಹೊರಗೂ ಅದನ್ನೇ ಕಟ್ಟುತ್ತದೆ ಅಂತ ಏನಿಲ್ಲ.

"ಅವರಿಗೆ ಕಾಫಿ ಬೆಳೆಯೋದು ಕಲಿಸಿದ್ರೆ ನಮ್ಮ ರೇಟ್ ಬೀಳಲ್ವಾ ಸಾರ್?"

ರುವಾಂಡಾದಿಂದ ಬೀಳುವುದಿಲ್ಲ. ಅವರ ಇಡೀ ದೇಶದ ಬೆಳೆ ವರ್ಷಕ್ಕೆ 15–20 ಸಾವಿರ ಟನ್. ನಮ್ಮ ದೇಶದ್ದು ಮೂರೂವರೆ ಲಕ್ಷ ಟನ್ ಆಸುಪಾಸು, ಅದರಲ್ಲಿ ಮೂರನೇ ಒಂದು ಪಾಲು ಕೊಡಗಿನದ್ದೇ.

ವಿಯೆಟ್ನಾಂ ಬಗ್ಗೆ ಕೇಳಿದ್ದರೆ 'ಬಿದ್ದಿದೆ' ಅಂತಲೇ ಹೇಳಬೇಕು. ಯುದ್ಧದಿಂದ ಎದ್ದ ಆ ದೇಶಕ್ಕೆ 1980ರಲ್ಲಿ ಪೂರ್ವ ಜರ್ಮನಿ ಕಾಫಿ ಹಾಕಲು ನೆರವು ಕೊಟ್ಟಿತು. ಯಂತ್ರ, ನೀರಾವರಿ, ಕೆಲಸಗಾರರಿಗೆ ಮನೆ ಎಲ್ಲ ಕೊಟ್ಟು, ಬದಲಿಗೆ ಇಪ್ಪತ್ತು ವರ್ಷ ಅರ್ಧ ಫಸಲು ನಮಗೆ ಅಂತ ಕರಾರು. ಗಿಡ ಸರಿಯಾಗಿ ಫಸಲಿಗೆ ಬರುವ ಹೊತ್ತಿಗೆ, 1990ರಲ್ಲಿ, ಪೂರ್ವ ಜರ್ಮನಿ ಅನ್ನುವ ದೇಶವೇ ಇರಲಿಲ್ಲ! ಆಮೇಲೆ ವಿಯೆಟ್ನಾಂ ತಾನೇ ನೆಡುತ್ತಾ ಹೋಗಿ ಬ್ರೆಜಿಲ್ ನಂತರದ ಜಾಗಕ್ಕೆ ಬಂತು. 2001ರ ಆಸುಪಾಸಿನಲ್ಲಿ ರೋಬಸ್ಟಾ ಕಾಫಿಯ ರೇಟು ಬಿದ್ದದ್ದಕ್ಕೆ ಅದೂ ಒಂದು ದೊಡ್ಡ ಕಾರಣ. ನಮ್ಮ ಅಪ್ಪ ಆ ವರ್ಷ ಕರಿಮೆಣಸು ಮಾರಿ ಲೈನ್‌ಮನೆಯವರ ಕೂಲಿ ಕೊಟ್ಟರು.

ಹಾಗಂತ ಅವರು ಬಡವರಾಗಿಯೇ ಇರಬೇಕಿತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ. ಮಾರುಕಟ್ಟೆ ನೋಡದೆ ಎಲ್ಲರಿಗೂ ಒಂದೇ ಬೆಳೆ ಹಾಕಿಸುವುದು ಮಾತ್ರ ನೆರವಿನ ಹೆಸರಿನ ದಡ್ಡತನ.

"ಕಾವೇರಿ ತಳಿಗೂ ಟಿಮೋರ್‌ಗೂ ಏನೋ ನೆಂಟಸ್ತನ ಅಂದ್ರಿ?"

ಹೌದು. ಸುಮಾರು ನೂರು ವರ್ಷದ ಹಿಂದೆ ಟಿಮೋರ್ ದ್ವೀಪದ ತೋಟವೊಂದರಲ್ಲಿ ಅರೇಬಿಕಾ ಮತ್ತು ರೋಬಸ್ಟಾ ತಾವಾಗಿಯೇ ಕೂಡಿ ಒಂದು ಗಿಡ ಹುಟ್ಟಿತು. ಎಲೆ ತುಕ್ಕು ರೋಗವನ್ನು ಅದು ತಡೆಯುತ್ತಿತ್ತು. ನಮ್ಮ ಕಾಫಿ ತಳಿಗಳಾದ 'ಕಾವೇರಿ'ಯಲ್ಲೂ 'ಚಂದ್ರಗಿರಿ'ಯಲ್ಲೂ ಅದರ ರಕ್ತ ಇದೆ. ಕಾವೇರಿಗೆ ಆಮೇಲೆ ತುಕ್ಕು ಬಂದೇ ಬಂತು, ಅದು ಬೇರೆ ಮಾತು.

ಆ ದ್ವೀಪದ ಪೂರ್ವ ಭಾಗ 24 ವರ್ಷ ಇಂಡೊನೇಷ್ಯಾದ ಹಿಡಿತದಲ್ಲಿತ್ತು. 1999ರಲ್ಲಿ ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದ್ದೇ ತಡ, ಇಂಡೊನೇಷ್ಯಾ ಪರ ಗುಂಪುಗಳು ಊರೂರು ಸುಟ್ಟವು. ಆಮೇಲೆ 2002ರ ಮೇ 20ರವರೆಗೆ ಅಲ್ಲಿ ವಿಶ್ವಸಂಸ್ಥೆಯೇ ಸರ್ಕಾರ. ಕಾನೂನು ಮಾಡುವುದೂ ಅದೇ, ತೆರಿಗೆ ಎತ್ತುವುದೂ ಅದೇ. ಎಲ್ಲರೂ ಶಹಬ್ಬಾಸ್ ಅಂದು ಪಡೆ ಕಡಿಮೆ ಮಾಡಿದರು. 2006ರಲ್ಲಿ ಹೊಸ ಸೈನ್ಯದ ಸುಮಾರು 600 ಮಂದಿಯನ್ನು ಕೆಲಸದಿಂದ ತೆಗೆದರು. ಅಲ್ಲಿಂದ ಶುರುವಾದ ಜಗಳದಲ್ಲಿ ರಾಜಧಾನಿ ಮತ್ತೆ ಉರಿಯಿತು. ಹೋದವರು ಗಂಟುಮೂಟೆ ಸಮೇತ ವಾಪಸ್ ಬರಬೇಕಾಯಿತು, 2012ರ ಕೊನೆಯವರೆಗೂ ಇದ್ದರು.

## ಸ್ವಲ್ಪ ಆಳದ್ದು

"ನಮ್ಮ ದೇಶ ಕೊಡೋದು ಬರೀ ಸೈನಿಕರನ್ನಾ, ಬೇರೆ ಏನಾದ್ರೂ ಇದ್ಯಾ?"

ಇದೆ, ಮತ್ತು ಕೆಲವು ಕಡೆ ಚೆನ್ನಾಗಿಯೇ ಇದೆ. ಶ್ರೀಲಂಕಾದ ಮನೆಗಳನ್ನು ನೋಡಿ. 2009ರಲ್ಲಿ ಯುದ್ಧ ಮುಗಿಯಿತು, 2010ರಲ್ಲಿ ಭಾರತ 50,000 ಮನೆ ಘೋಷಿಸಿತು. ಬಹುಪಾಲು ಉತ್ತರ ಮತ್ತು ಪೂರ್ವದಲ್ಲಿ, 4,000 ಮಾತ್ರ ಚಹಾ ತೋಟಗಳ ಸೀಮೆಯಲ್ಲಿ. ಗುತ್ತಿಗೆದಾರನಿಗೆ ಕೊಟ್ಟು ಸಾಲು ಮನೆ ಕಟ್ಟಿಸುವ ಬದಲು, ಹೆಚ್ಚಿನ ಕಡೆ ದುಡ್ಡನ್ನು ಕಂತು ಕಂತಾಗಿ ಮನೆಯವರ ಬ್ಯಾಂಕ್ ಖಾತೆಗೇ ಹಾಕಿದರು. ಒಂದು ಮನೆಗೆ 5.5 ಲಕ್ಷ ಶ್ರೀಲಂಕಾ ರೂಪಾಯಿ. ಪಾಯ ಎದ್ದರೆ ಮುಂದಿನ ಕಂತು. ಅಡುಗೆಮನೆ ಯಾವ ಕಡೆ ಅನ್ನುವುದು ಮನೆಯಾಕೆಯ ತೀರ್ಮಾನ. ಹಳಿ ಕಿತ್ತುಹೋಗಿದ್ದ ಜಾಫ್ನಾ ರೈಲು ಮಾರ್ಗವನ್ನೂ ಭಾರತದ ಇರ್ಕಾನ್ ಕಂಪನಿ ಹಾಕಿತು. 2014ರ ಅಕ್ಟೋಬರ್‌ನಲ್ಲಿ 'ಯಾಳ್ ದೇವಿ' ರೈಲು ಮತ್ತೆ ಜಾಫ್ನಾ ತಲುಪಿತು. ಅದೇ ಉತ್ತರಕ್ಕೆ 1987ರಲ್ಲಿ ನಾವು ಸೈನ್ಯ ಕಳಿಸಿ 1,100ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿದ್ದೆವು. ಕೊಡಗಿನ ಮನೆಗಳಿಗೂ ಆಗ ಸಾವಿನ ಸುದ್ದಿಯ ಟೆಲಿಗ್ರಾಂ ಬಂದಿತ್ತು.

ಅಫ್ಘಾನಿಸ್ತಾನದಲ್ಲಿ ಪಾರ್ಲಿಮೆಂಟ್ ಕಟ್ಟಡ, ಸಲ್ಮಾ ಅಣೆಕಟ್ಟು, 218 ಕಿ.ಮೀ. ಜರಂಜ್–ದೆಲಾರಾಮ್ ರಸ್ತೆ ಕಟ್ಟಿಕೊಟ್ಟೆವು. 2021ರ ಆಗಸ್ಟ್‌ನಲ್ಲಿ ಸರ್ಕಾರವೇ ಬಿತ್ತು. ಅಣೆಕಟ್ಟು, ರಸ್ತೆ ಈಗಲೂ ಜನರಿಗೆ ಉಪಯೋಗಕ್ಕಿವೆ. ಪಾರ್ಲಿಮೆಂಟ್ ಸಭೆ ಮಾತ್ರ ಇಲ್ಲ.

"ಅರ್ಧ ದುಡ್ಡು ದೊಡ್ಡವರೇ ನುಂಗ್ತಾರೆ. ಅದಕ್ಕೇನು ಮಾಡ್ತಾರೆ?"

ನುಂಗುತ್ತಾರೆ. ದುಡ್ಡು ಜಾಸ್ತಿ, ಅವಸರ ಜಾಸ್ತಿ, ಲೆಕ್ಕ ಕೇಳುವವರು ಕಡಿಮೆ ಇದ್ದ ಕಡೆ ಇನ್ನೂ ಜಾಸ್ತಿ. ಅಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆ ಅಮೆರಿಕ ಒಂದೇ 140 ಬಿಲಿಯನ್ ಡಾಲರ್‌ಗೂ ಹೆಚ್ಚು ಸುರಿಯಿತು. ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದ ಸೈನಿಕರಿಗೂ ಸಂಬಳ ಹೋಗುತ್ತಿತ್ತು ಅಂತ ಅವರದೇ ಲೆಕ್ಕಪರಿಶೋಧಕರು ಬರೆದರು. ತೋಟದ ರೈಟರ್ ಮಸ್ಟರ್ ರೋಲ್‌ನಲ್ಲಿ ಇಲ್ಲದ ಆಳಿನ ಹೆಸರು ಬರೆದಂತೆ.

ಲೈಬೀರಿಯಾದಲ್ಲಿ 2005ರಲ್ಲಿ ಖಾರದ ಮದ್ದು ಕೊಟ್ಟರು. ಬಂದರು, ವಿಮಾನ ನಿಲ್ದಾಣದಂಥ ಆದಾಯ ಬರುವ ಕಡೆಯೆಲ್ಲ ಒಬ್ಬ ವಿದೇಶಿ ಹಣಕಾಸು ಅಧಿಕಾರಿ ಕೂತ. ಅವನ ಸಹಿಯೂ ಬೀಳದೆ ಚೆಕ್ ಪಾಸಾಗುವುದಿಲ್ಲ. ಸ್ವತಂತ್ರ ದೇಶಕ್ಕೆ ಇದು ಅವಮಾನವೇ. ಮರುವರ್ಷ ಅಧಿಕಾರಕ್ಕೆ ಬಂದ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಅದನ್ನು ನುಂಗಿಕೊಂಡು ನಡೆಸಿದರು. ಆದಾಯ ಏರಿತು, ಸಾಲ ಮನ್ನಾಕ್ಕೆ ದಾರಿಯಾಯಿತು.

"ಕಾಯೋಕೆ ಹೋದವರೇ ಹೆಣ್ಮಕ್ಕಳಿಗೆ ಕಾಟ ಕೊಟ್ಟಿದ್ದಾರಂತಲ್ಲ. ನೀವು ಅದನ್ನ ಹೇಳೋದೇ ಇಲ್ಲ."

ಮಡಿಕೇರಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. ಕೇಳಿದ್ದು ಸರಿ. ಕಾಂಗೋ, ಮಧ್ಯ ಆಫ್ರಿಕಾ ಗಣರಾಜ್ಯ, ಹೈಟಿ, ಹಲವು ಕಡೆ ಆಗಿದೆ. ಕಾಂಗೋದಲ್ಲಿ ಭಾರತೀಯ ಸೈನಿಕರ ಮೇಲೂ ಆರೋಪ ಬಂದು ಸೇನೆ ವಿಚಾರಣೆ ನಡೆಸಿತ್ತು. ದೊಡ್ಡ ತೊಡಕು ಏನೆಂದರೆ, ವಿಶ್ವಸಂಸ್ಥೆ ಸೈನಿಕನನ್ನು ವಾಪಸ್ ಕಳಿಸಬಹುದು ಅಷ್ಟೇ. ಶಿಕ್ಷೆ ಕೊಡುವುದು ಅವನ ದೇಶಕ್ಕೆ ಬಿಟ್ಟದ್ದು. 2016ರಲ್ಲಿ ಇಡೀ ತುಕಡಿಯನ್ನೇ ವಾಪಸ್ ಕಳಿಸಲು ಭದ್ರತಾ ಮಂಡಳಿ ದಾರಿ ಮಾಡಿತು. ದೂರು ಕೊಟ್ಟ ಹೆಂಗಸು ಮಾತ್ರ ಅಲ್ಲೇ ಉಳಿಯುತ್ತಾಳೆ, ಕೇಸು ಸಾವಿರಾರು ಮೈಲಿ ಆಚೆ ನಡೆಯುತ್ತದೆ.

ಹೆಂಗಸರನ್ನೇ ಕಳಿಸಿದರೆ ವ್ಯತ್ಯಾಸ ಆಗುತ್ತದಾ? ಆಗುತ್ತದೆ. 2007ರಲ್ಲಿ ಭಾರತ ಲೈಬೀರಿಯಾಗೆ ಪೂರ್ತಿ ಮಹಿಳೆಯರ ಪೊಲೀಸ್ ತುಕಡಿ ಕಳಿಸಿತು. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಅದೇ ಮೊದಲು. 2016ರವರೆಗೂ ತಂಡದ ಮೇಲೆ ತಂಡ ಹೋಯಿತು. ರಾತ್ರಿ ಗಸ್ತಿನಲ್ಲಿ ಇವರನ್ನು ನೋಡಿ ಅಲ್ಲಿನ ಹುಡುಗಿಯರೂ ಪೊಲೀಸ್ ಸೇರಲು ಮುಂದೆ ಬಂದರು.

"ಮಗಳು ಎಂಎಸ್‌ಡಬ್ಲ್ಯು ಮುಗಿಸ್ತಾ ಇದ್ದಾಳೆ. ಈ ಕೆಲಸಕ್ಕೆ ಸೇರಬಹುದಾ?"

ಸೇರಬಹುದು. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ ಒಳ್ಳೆ ಬಾಗಿಲು. ಮೊದಲು ಇಲ್ಲೇ ಎರಡು ಮೂರು ವರ್ಷ ಹಳ್ಳಿ ಕೆಲಸ ಮಾಡಲಿ, ಜೊತೆಗೆ ಫ್ರೆಂಚ್ ಕಲಿಯಲಿ. ಆಫ್ರಿಕಾದ ಅರ್ಧ ಮಿಷನ್‌ಗಳಲ್ಲಿ ಅದೇ ಭಾಷೆ. ಮುಖ್ಯವಾದದ್ದು: ವಿಶ್ವಸಂಸ್ಥೆ ಕೆಲಸಕ್ಕೆ ಒಂದು ಪೈಸೆ ಫೀಸು ಕೇಳುವುದಿಲ್ಲ. ವೀಸಾ, ತರಬೇತಿ ಅಂತ ದುಡ್ಡು ಕೇಳಿ ಫೋನ್ ಬಂದರೆ ಅದು ಮೋಸ. ನಮ್ಮೂರಲ್ಲೇ ಒಬ್ಬರು ಕಳೆದುಕೊಂಡಿದ್ದಾರೆ.

"ಎಷ್ಟು ವರ್ಷ ಅಂತ ಅಲ್ಲೇ ಕೂತಿರೋದು? ತಿಮ್ಮಯ್ಯನವರ ಆ ಸೈಪ್ರಸ್ ಆದ್ರೂ ಮುಗೀತಾ?"

ಮುಗಿದಿಲ್ಲ. 1964ರಲ್ಲಿ ಹೋದ ಪಡೆ ಇನ್ನೂ ಅಲ್ಲಿದೆ. 1974ರಲ್ಲಿ ಟರ್ಕಿಯ ಸೈನ್ಯ ಬಂದು ದ್ವೀಪ ಎರಡಾಯಿತು, ನಡುವೆ ವಿಶ್ವಸಂಸ್ಥೆ ಕಾಯುವ ನೆಲದ ಪಟ್ಟಿ. ಪಡೆ ಇದ್ದಿದ್ದಕ್ಕೇ ಯಾರಿಗೂ ರಾಜಿಯ ಅವಸರ ಇಲ್ಲ ಅನ್ನುವವರಿದ್ದಾರೆ. ಇಲ್ಲದಿದ್ದರೆ ಮತ್ತೆ ಹೆಣ ಬೀಳುತ್ತಿತ್ತು ಅನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ, ಆದರೆ ಮೊದಲನೆಯವರ ಮಾತಿಗೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಆ ಪಟ್ಟಿಯೊಳಗೆ ನಿಕೋಸಿಯಾದ ಹಳೇ ವಿಮಾನ ನಿಲ್ದಾಣ ಇದೆ. ಪಾಳುಬಿದ್ದಿದೆ. ಅದರ ಆವರಣದಲ್ಲೇ ಒಂದು ಪ್ರಯೋಗಾಲಯ. 1963–64 ಮತ್ತು 1974ರಲ್ಲಿ ಕಾಣೆಯಾದವರು 2,002 ಮಂದಿ. ಗ್ರೀಕ್ ಮತ್ತು ಟರ್ಕಿಶ್ ಕಡೆಯ ವಿಜ್ಞಾನಿಗಳು ಜೊತೆಯಾಗಿ ಹೊಂಡ ಅಗೆಯುತ್ತಾರೆ, ಮೂಳೆ ತೊಳೆದು ಉದ್ದ ಮೇಜಿನ ಮೇಲೆ ಜೋಡಿಸುತ್ತಾರೆ, ಡಿಎನ್ಎ ಹೊಂದಿಸುತ್ತಾರೆ. ಹೊಂದಿದರೆ ಮನೆಯವರಿಗೆ ಫೋನ್ ಹೋಗುತ್ತದೆ. ಈವರೆಗೆ ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋಗಿದೆ. ಅವರು ಬಂದಾಗ ಆ ವಿಜ್ಞಾನಿಗಳೇ ಪಕ್ಕದಲ್ಲಿ ನಿಂತು, ಯಾವ ಮೂಳೆ ಎಲ್ಲಿ ಸಿಕ್ಕಿತು ಅಂತ ಹೇಳುತ್ತಾರೆ.